ಸರಾಸರಿಗೆ ಸಿಗದ ಮಗು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮುಂದಿನ ತಿಂಗಳುಗಳ ಬೇಡಿಕೆಯನ್ನು ಅಂದಾಜು ಮಾಡುವುದು ನನ್ನ ಕೆಲಸವಾಗಿತ್ತು. ಓದಿದ್ದು ಅರ್ಥಶಾಸ್ತ್ರವಾದರೂ ನನ್ನನ್ನು ತಿದ್ದಿದ್ದು ಸಂಖ್ಯಾಶಾಸ್ತ್ರ. ಮುಂದಾಗುವುದನ್ನು ಒಂದೇ ಅಂಕಿಯಲ್ಲಿ ಹೇಳಬಾರದು, ಅದು ಎಷ್ಟು ತಪ್ಪಬಹುದು ಎಂಬುದನ್ನೂ ಜೊತೆಗೇ ಹೇಳಬೇಕು ಎಂದು ಮೇಷ್ಟರು ಕಲಿಸಿದ್ದರು. ಒಂದು ತಿಂಗಳು ಹೆಚ್ಚು ಹೇಳಿದರೆ ಇನ್ನೊಂದು ತಿಂಗಳು ಕಡಿಮೆ ಹೇಳಿರುತ್ತಿದ್ದೆ. ವರ್ಷ ಮುಗಿಯುವಷ್ಟರಲ್ಲಿ ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತಿದ್ದವು. ಹಾಗಾಗಿ ನೆಮ್ಮದಿಯಾಗಿದ್ದೆ.

ಹೆಂಡತಿ ಬಸುರಿಯಾದಾಗ ಲಗ್ಗೆರೆಯಲ್ಲಿ ಬಾಡಿಗೆಗಿದ್ದೆವು. ರಕ್ತಪರೀಕ್ಷೆಯ ವರದಿ ನೋಡಿದ ಡಾಕ್ಟರು, ಮಗುವಿಗೆ ಹುಟ್ಟಿನಿಂದಲೇ ತೊಂದರೆ ಇರುವ ಸಂಭವ ಸ್ವಲ್ಪ ಜಾಸ್ತಿ ಎಂದರು. ಖಚಿತ ಮಾಡಿಕೊಳ್ಳಲು ಸೂಜಿ ಹಾಕಿ ಗರ್ಭದ ನೀರು ತೆಗೆದು ಪರೀಕ್ಷಿಸಬೇಕು. ಅದರಿಂದ ಅಪರೂಪಕ್ಕೆ ಗರ್ಭಪಾತವಾಗುವುದೂ ಉಂಟು.

ಬಸ್ಸಿನಲ್ಲಿ ಬರುವಾಗ ಅವಳಿಗೆ ವಿವರಿಸಿದೆ. "ಇಂಥ ರಿಪೋರ್ಟ್ ಬಂದವರಲ್ಲೂ ಹೆಚ್ಚಿನವರಿಗೆ ಮಕ್ಕಳು ಚೆನ್ನಾಗೇ ಹುಟ್ತವೆ."

"ನಮ್ಮದು?"

"ಅದನ್ನ ಹೇಳೋಕಾಗಲ್ಲ."

"ಮತ್ತೆ ಆಫೀಸಲ್ಲಿ ದಿನಾ ಏನ್ ಹೇಳ್ತೀರಿ?"

ಇಲ್ಲಿ ತಪ್ಪನ್ನು ಸರಿದೂಗಿಸಲು ಮುಂದಿನ ತಿಂಗಳು ಎಂಬುದಿರಲಿಲ್ಲ.

ಅವಳು ಸೂಜಿಗೆ ಒಪ್ಪಲಿಲ್ಲ. "ಹೆಂಗಿದ್ರೂ ನಮ್ ಮಗುನೇ" ಎಂದಳು. ಮಾದನಾಯಕನಹಳ್ಳಿಯಿಂದ ಬಂದ ಅತ್ತೆ, ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, "ಏನೂ ಆಗಕಿಲ್ಲ ಕಣವ್ವ, ನೋಡ್ತಿರು" ಎಂದರು. ಅಂದು ಹೆಂಡತಿ ಹೊಟ್ಟೆ ತುಂಬ ಉಂಡಳು. ನನಗೆ ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟೇ ಮಾತನ್ನು ನಾನೂ ಆಡಬಹುದಿತ್ತು, ಬಾಯಿ ಬರಲಿಲ್ಲ.

ತಿಂಗಳುಗಳು ತುಂಬಿ ಹೆಣ್ಣುಮಗು ಹುಟ್ಟಿತು. ಮಕ್ಕಳ ಡಾಕ್ಟರು ಪರೀಕ್ಷಿಸಿ, ಏನೂ ತೊಂದರೆಯಿಲ್ಲ ಎಂದರು. "ನಾನೇಳಿರ್ಲಿಲ್ವಾ?" ಎಂದು ಅತ್ತೆ ನಕ್ಕರು.

"ಈಗಲಾದ್ರೂ ಆವತ್ತು ಡಾಕ್ಟರ್ ಹೇಳಿದ್ದು ತಪ್ಪು ಅನ್ನಿ" ಎಂದಳು ಹೆಂಡತಿ.

ಆ ಡಾಕ್ಟರು ತೊಂದರೆ ಇದೆ ಎಂದಿರಲಿಲ್ಲ, ಇರಬಹುದು ಎಂದಿದ್ದರು. ಒಂದು ಮಗು ಚೆನ್ನಾಗಿ ಹುಟ್ಟಿದ ಮಾತ್ರಕ್ಕೆ ಆ ಮಾತು ಸುಳ್ಳಾಗುವುದಿಲ್ಲ, ಅತ್ತೆ ತಿಳಿದು ಹೇಳಿದರು ಎಂದೂ ಆಗುವುದಿಲ್ಲ. ಸುಮ್ಮನೆ ಹೂಂ ಅನ್ನಬಹುದಿತ್ತು.

"ತಪ್ಪು ಅಂತ ಹೇಳೋಕಾಗಲ್ಲ" ಎಂದೆ.

ಅವಳು ಮುಖ ಆಚೆ ತಿರುಗಿಸಿದಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಕಿಟಕಿಯ ಬೆಳಕಿಗೆ ಹೋಗಿ, ಆ ತೊಂದರೆಯ ಗುರುತು ಹುಡುಕುತ್ತ ಅದರ ಕಣ್ಣು, ಕಿವಿ, ಅಂಗೈಯ ಗೆರೆ ನೋಡತೊಡಗಿದೆ. ಡಾಕ್ಟರು ನೋಡಿ ಆಗಿತ್ತು; ಆದರೂ ಮತ್ತೆ ನೋಡಿದೆ.

"ಸಾಕು, ಕೊಡಿ ಇಲ್ಲಿ" ಎಂದಳು.