ಚಿಗವ್ವನ ಕೈಗುಣ

ಲೋಳೆಸರದ ಎಲೆ ಮುರಿದ ಕೂಡಲೇ ಸಿಪ್ಪೆಯ ಅಂಚಿನಿಂದ ಹಳದಿ ರಸ ಜಿನುಗುತ್ತದೆ. ಅದರ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಕುತ್ತದೆ, ಕಹಿಯಾಗಿ, ಹಸಿಹಸಿಯಾಗಿ. ಹೋದ ವರ್ಷ ಚಳಿಗಾಲದಲ್ಲಿ ನನ್ನ ಮಗಳು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಗಿಡ ಮಾರುವವನಿಂದ ಒಂದು ಪ್ಲಾಸ್ಟಿಕ್ ಕುಂಡ ತಂದಳು. ಗದ್ದಲದಲ್ಲಿ ಯಾರದೋ ಕೈಚೀಲ ತಾಗಿ ಒಂದು ಎಲೆ ಮುರಿದಿತ್ತು. ಕುಂಡವನ್ನು ತನ್ನ ಓದುವ ಕೋಣೆಯ ಕಿಟಕಿಯಲ್ಲಿ ಇಟ್ಟು, ‘ಇದಕ್ಕ ದಿನಾ ನೀರ ಹಾಕಬೇಕೇನವ್ವಾ?’ ಎಂದು ಕೇಳಿದಳು. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟೇ ಹೊಟ್ಟೆ ಹೊರೆಯುವವಳು. ಅವತ್ತು ಮಾತ್ರ ಒಳಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯುತ್ತ ನಿಂತೆ.

ರಬಕವಿಯಲ್ಲಿ ನಮ್ಮದು ನೇಕಾರರ ಮನೆ. ಹಿಂದಿನ ಪತ್ರಾಸಿನ ತಗಡಿನ ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗಗಳು, ಮುಂದಿನ ಪಡಸಾಲೆಯಲ್ಲಿ ಅಜ್ಜ ಬಿಟ್ಟು ಹೋದ ಒಂದು ಕೈಮಗ್ಗ, ಇವೆರಡರ ನಡುವೆ ಒಂದು ತಂಪಾದ ಕೋಣೆ. ಆ ನಡುಮನೆಯ ಕಿಟಕಿ ಮೂಡಣಕ್ಕೆ ಇತ್ತು. ಅದರ ಅಗಲವಾದ ಕಲ್ಲಿನ ಕಟ್ಟೆಯ ಮೇಲೂ ಕೆಳಗಿನ ಹಲಗೆಯ ಮೇಲೂ ನನ್ನ ಅಪ್ಪನ ತಾಯಿ, ನಮ್ಮ ಆಯಿ, ಹನ್ನೊಂದು ಲೋಳೆಸರ ಬೆಳೆಸಿದ್ದಳು. ಎಣ್ಣೆಯ ಡಬ್ಬಿ, ಕಂಠ ಒಡೆದ ಗಡಿಗೆ, ತಳ ಸವೆದ ಬೋಗುಣಿ, ಏನು ಸಿಕ್ಕರೆ ಅದರಲ್ಲಿ. ಅಂಗಳದಲ್ಲಿ ಯಾಕೆ ಇಡುವುದಿಲ್ಲ ಎಂದು ಬಂದವರು ಕೇಳುತ್ತಿದ್ದರು. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಟ್ಟು ಕೆಂಪಾಗುತ್ತದೆ, ಉಳಿದದ್ದನ್ನು ಓಣಿಯ ಆಡುಗಳು ಬಿಡುವುದಿಲ್ಲ ಎನ್ನುತ್ತಿದ್ದಳು ಆಯಿ. ಆದರೆ ಒಳಗಿಟ್ಟರೆ ಬೇರೆ ಕೆಲಸ. ನೇಕಾರರ ಮನೆಯೆಂದರೆ ಗಾಳಿಯಲ್ಲಿಯೇ ನೂಲಿನ ದೂಳು. ಎರಡು ದಿನ ಬಿಟ್ಟರೆ ಎಲೆಗಳ ಮೇಲೆ ಬಿಳಿ ಅರಳೆ ಹೊದ್ದಂತಾಗುತ್ತಿತ್ತು. ಅದನ್ನು ಹಸಿ ಅರಿವೆಯಿಂದ, ಮಗುವಿನ ಮುಖ ಒರೆಸಿದಂತೆ, ಬುಡದಿಂದ ತುದಿಗೆ ಒರೆಸಬೇಕು. ಗಿಡ ಬೆಳಕಿನ ಕಡೆಗೇ ವಾಲುತ್ತದೆಂದು ಪ್ರತಿ ಸೋಮವಾರ ಡಬ್ಬಿಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಹಂಚಿನ ಚೂರು ಹಾಸಿ, ಹೊಳೆಯ ಉಸುಕಿಗೆ ಹಿಡಿಯಷ್ಟೇ ಕರಿಮಣ್ಣು ಕೂಡಿಸಬೇಕು. ಬುಡದಲ್ಲಿ ಮರಿ ಒಡೆದರೆ ಅದನ್ನು ಬಿಡಿಸಿ, ಗಾಯ ಆರಲೆಂದು ಎರಡು ದಿನ ನೆರಳಿಗೆ ಇಟ್ಟು ಆಮೇಲೆ ನೆಡಬೇಕು. ನೀರು ಮಾತ್ರ ಬಲು ಕಡಿಮೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಊರಿ ನೋಡಿ, ತಳದವರೆಗೂ ಒಣಗಿದೆ ಎನಿಸಿದರಷ್ಟೇ ನೀರು. ಚಳಿಗಾಲದಲ್ಲಿ ಅದೂ ಇಲ್ಲವೆನ್ನುವಷ್ಟು. ಹಿಮ್ಮಡಿ ಒಡೆದ ನೇಕಾರರು, ರೊಟ್ಟಿ ಬಡಿಯುವಾಗ ಕೈ ಸುಟ್ಟುಕೊಂಡ ಹೆಂಗಸರು ಬಾಗಿಲಿಗೆ ಬಂದರೆ ಆಯಿ ಹೊರಗಿನ ಸುತ್ತಿನ ಒಂದು ಎಲೆ ಕೊಯ್ದು, ಹಳದಿ ರಸ ಇಳಿಯುವವರೆಗೆ ಅದನ್ನು ನಿಲ್ಲಿಸಿಟ್ಟು ಕೊಡುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥ ಒಂದು ಕಿಟಕಿ ಇದ್ದಿರಬಹುದು, ಅದರ ಮುಂದೆ ಬೆನ್ನು ಬಾಗಿಸಿ ನಿಂತ ಒಂದು ಹಳೆಯ ಜೀವವೂ.

ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಗಿಡಗಳನ್ನು ಅವಳು ನೋಡುತ್ತಿದ್ದುದು ಬೆರಳಿನಿಂದ. ಎಲೆಯನ್ನು ಹಗುರವಾಗಿ ಅದುಮಿ, ಇದು ತುಂಬಿದೆ, ಇದು ಸೊರಗಿದೆ ಎಂದು ಹೇಳುತ್ತಿದ್ದಳು. ಅವಳ ಪಕ್ಕದಲ್ಲಿ ಅರಿವೆ ಹಿಡಿದು ನಿಲ್ಲುತ್ತಿದ್ದವಳು ನಾನು. ನಾನು ಐದನೇ ಇಯತ್ತೆಗೆ ಬಂದ ವರ್ಷ ಅಪ್ಪನ ತಮ್ಮ, ನಮ್ಮ ಕಾಕಾನ ಮದುವೆಯಾಯಿತು. ಬೀಳಗಿ ಕಡೆಯ ಹಳ್ಳಿಯಿಂದ ಕಸ್ತೂರಿ ಚಿಗವ್ವ ಬಂದಳು. ಹೊಲದ ಮನೆಯ ಹುಡುಗಿ, ಮಣ್ಣು ಮುಟ್ಟಿದರೆ ಮುಖ ಅರಳುತ್ತಿತ್ತು. ಮಗ್ಗದ ಕೆಲಸ ಗೊತ್ತಿರಲಿಲ್ಲ. ಶೆಡ್ಡಿನಲ್ಲಿ ಕೂತು ಲಾಳಿಯ ಕಂಡಿಕಿಗೆ ನೂಲು ಸುತ್ತುವುದನ್ನು ಕಲಿಯುವಾಗ ದಿನಕ್ಕೆ ನಾಲ್ಕು ಸಲ ಎಳೆ ಹರಿದು ನನ್ನ ಅವ್ವನಿಂದ ಬೈಸಿಕೊಳ್ಳುತ್ತಿದ್ದಳು. ಬಚ್ಚಲ ಹಿಂದೆ ಅವಳು ಉದುರಿಸಿದ ಚೆಂಡುಹೂವಿನ ಬೀಜ ಮಾತ್ರ ಮೊಣಕಾಲೆತ್ತರ ಬೆಳೆದು ಹೂ ಬಿಟ್ಟವು. ಆಯಿ ಅವುಗಳನ್ನು ಮುಟ್ಟಿ ನೋಡಿದಳು. ಮರುದಿನದಿಂದ ಅರಿವೆ ಚಿಗವ್ವನ ಕೈಗೆ ಹೋಯಿತು. ನಾನು ಸಾಲಿಯಿಂದ ಬರುವ ಹೊತ್ತಿಗೆ ಅವರಿಬ್ಬರೂ ಕಿಟಕಿಯ ಮುಂದೆ ಸಣ್ಣ ದನಿಯಲ್ಲಿ ಮಾತಾಡುತ್ತಿರುತ್ತಿದ್ದರು. ಚಿಗವ್ವ ನನ್ನನ್ನೂ ಕರೆಯುತ್ತಿದ್ದಳು. ನಾನು ಹೋಗುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಆಯಿಯ ಕಣ್ಣಿನ ಆಪರೇಷನ್ ಆಗಬೇಕೆಂದು ನಿರ್ಧಾರವಾಯಿತು. ಜಮಖಂಡಿಯಲ್ಲಿ ಅವಳ ಮಗಳು, ನಮ್ಮ ಅತ್ತೆ, ಇದ್ದಳು. ಅಲ್ಲಿಯೇ ಆಪರೇಷನ್ ಮಾಡಿಸಿಕೊಂಡು ಇಪ್ಪತ್ತು ದಿನ ಅವಳ ಮನೆಯಲ್ಲಿ ಇರುವುದೆಂದಾಯಿತು. ಹೊರಡುವ ದಿನ ಆಯಿ ಚಿಗವ್ವನನ್ನು ಕರೆದು, ಎಂಟು ದಿನಕ್ಕೊಮ್ಮೆ ಒಂದು ಸಣ್ಣ ವಾಟಗದಷ್ಟು ನೀರು, ಹೆಚ್ಚಿಗೆ ಬೇಡ ಎಂದು ಹೇಳಿದಳು. ಅಲ್ಲಿಯೇ ನಿಂತಿದ್ದ ನನ್ನ ತಲೆ ಸವರಿ, ‘ನೀ ಏನೂ ಮುಟ್ಟಾಕ ಹೋಗಬ್ಯಾಡ. ಚಿಗವ್ವ ನೋಡಕೋತಾಳ’ ಅಂದಳು. ಅಷ್ಟೇ ಮಾತು. ಪ್ರೀತಿಯಿಂದಲೇ ಆಡಿದ್ದು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಸಾಲಿಯಿಂದ ಬಂದವಳೇ ತಂಬಿಗೆಯಲ್ಲಿ ನೀರು ತಗೊಂಡು ನಡುಮನೆಗೆ ಹೋದೆ. ಆ ಹೊತ್ತಿಗೆ ಅವ್ವ, ಚಿಗವ್ವ ಇಬ್ಬರೂ ಶೆಡ್ಡಿನಲ್ಲಿರುತ್ತಿದ್ದರು. ಮಗ್ಗದ ಸಪ್ಪಳದಲ್ಲಿ ಮನೆಯೊಳಗೆ ಏನಾದರೂ ಅವರಿಗೆ ಕೇಳುತ್ತಿರಲಿಲ್ಲ. ಒಂದೊಂದು ಡಬ್ಬಿಗೂ ಬುಡ ಮುಳುಗುವಷ್ಟು ನೀರು ಹಾಕಿದೆ, ಕೆಳಗೆ ಇಳಿದದ್ದನ್ನು ಅರಿವೆಯಿಂದ ಒರೆಸಿದೆ. ದಿನಾಲೂ ಹೀಗೇ ಮಾಡಿದೆ. ಮೂರು ದಿನಕ್ಕೆ ಎಲೆಗಳು ಉಬ್ಬಿ ಮಿಂಚತೊಡಗಿದವು. ಆಯಿ ಬಂದು ಮುಟ್ಟಿ ನೋಡಿ ಯಾರು ಇಷ್ಟು ಛಲೋ ಮಾಡಿದರು ಎಂದು ಕೇಳಬೇಕು, ಆಗ ನಾನು ಮುಂದೆ ಹೋಗಿ ನಿಲ್ಲಬೇಕು, ಇದಿಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಎಂಟನೆಯ ದಿನ ಒಂದು ಗಿಡದ ಬುಡ ಕಂದಿತು. ಎಲೆಗಳು ಗಾಜಿನಂತೆ ತೆಳುವಾಗಿ ಡಬ್ಬಿಯ ಅಂಚಿಗೆ ಜೋತುಬಿದ್ದವು. ಚಿಗವ್ವ ಅದನ್ನು ಕಂಡು ಹೆದರಿ, ಅವ್ವನಿಗೆ ತೋರಿಸಿ, ಒಂದೊಂದನ್ನೇ ಎತ್ತಿ ಕಿಟಕಿಯಲ್ಲೇ ಬಿಸಿಲು ಬೀಳುವ ಕಡೆಗೆ ಸರಿಸಿದಳು. ಮಣ್ಣು ಯಾಕೆ ಇಷ್ಟು ಹಸಿ ಇದೆಯೆಂದು ಅವಳಿಗೆ ತಿಳಿಯಲಿಲ್ಲ. ಚಳಿಯಲ್ಲಿ ಆರಿಲ್ಲ ಅಂದುಕೊಂಡಳು. ನೀರೇ ಕಾರಣವೆಂದು ನನಗೆ ಆವತ್ತೇ ಗೊತ್ತಾಯಿತು. ಇಲ್ಲಿ ನಾನು ನಿಲ್ಲಿಸಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾನು ಇನ್ನೂ ಮೂರು ದಿನ ನೀರು ಹಾಕಿದೆ. ಮೊದಲಿನ ಎಂಟು ದಿನ ಹಾಕಿದ್ದು ಆಯಿಯ ಮೇಲಿನ ಆಸೆಯಿಂದ. ಕೊನೆಯ ಮೂರು ದಿನ ಹಾಕಿದ್ದು, ಕೊಳೆತರೆ ಅದು ಚಿಗವ್ವನ ತಲೆಗೆ ಬರುತ್ತದೆ ಎಂದು ತಿಳಿದು. ಹತ್ತು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಅನ್ನಬಹುದು. ನನಗೆ ತಿಳಿದಿತ್ತು.

ಆಯಿ ಕರಿ ಕನ್ನಡಕ ಹಾಕಿಕೊಂಡು ಬಂದಳು. ಜೊತೆಗೆ ಜಮಖಂಡಿ ಅತ್ತೆಯೂ ಬಂದಿದ್ದಳು. ಆಯಿ ಕಾಲು ತೊಳೆದುಕೊಂಡವಳೇ ನೇರ ಕಿಟಕಿಗೆ ಹೋಗಿ ಒಂದು ಎಲೆಯನ್ನು ಅದುಮಿದಳು. ಬೆರಳು ಒಳಗೆ ಹೋಯಿತು. ಇನ್ನೊಂದನ್ನು ಮುಟ್ಟಿದಳು, ಅದು ಬುಡದಿಂದ ಕಳಚಿ ಅವಳ ಅಂಗೈಗೆ ಬಂತು. ಹನ್ನೊಂದನ್ನೂ ಮುಟ್ಟಿ ಮುಗಿಸಿದಳು. ಆಮೇಲೆ, ಯಾರು ನೀರು ಹಾಕಿದರೆಂದು ಕೇಳಿದಳು.

‘ನಾನ ರೀ ಅತ್ತಿ,’ ಅಂದಳು ಚಿಗವ್ವ. ‘ನೀವು ಹೇಳಿದಷ್ಟ ಹಾಕೀನ್ರಿ.’

ಆಯಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಆ ಮಾತು ಅವತ್ತಿಗೇ ಮುಗಿದುಹೋಗುತ್ತಿತ್ತೇನೋ. ಕೈ ಒರೆಸಿಕೊಳ್ಳುತ್ತ, ದಣಿದ ದನಿಯಲ್ಲಿ, ‘ನಿನಗ ಕೈಗುಣ ಇಲ್ಲ ಬಿಡವಾ. ಕೆಲವರಿಗೆ ಇರೂದಿಲ್ಲ’ ಅಂದಳು. ಹದಿನೈದು ದಿನಗಳ ನಂತರ ನನ್ನ ತಲೆಗೆ ಎಣ್ಣೆ ಹಚ್ಚುವಾಗ, ಆಯಿಗೆ ಏನು ಅನುಮಾನ ಬಂತೋ, ನೀನು ಮನೆಯಲ್ಲೇ ಇದ್ದೆಯಲ್ಲ, ಏನಾದರೂ ಕಂಡೆಯಾ ಎಂದು ಮೆತ್ತಗೆ ಕೇಳಿದಳು. ಬೆನ್ನ ಹಿಂದೆ ಇದ್ದಳು, ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಹೇಳಿಬಿಡಲು ಅಷ್ಟು ಸುಲಭದ ಗಳಿಗೆ ಮತ್ತೆ ಬರಲಿಲ್ಲ. ನಾನು, ‘ಚಿಗವ್ವ ದಿನಾ ಹಾಕತಿದ್ಲು’ ಅಂದೆ. ಆಯಿಯ ಬೆರಳು ಒಂದು ಕ್ಷಣ ನಿಂತು, ಮತ್ತೆ ಎಣ್ಣೆ ತಿಕ್ಕತೊಡಗಿತು.

ಮುಂದಿನ ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕುವಾಗ ಅವ್ವ ಚಿಗವ್ವನಿಗೆ ಮಾವಿನಕಾಯಿ ತೊಳೆದುಕೊಡು ಸಾಕು ಅಂದಳು, ಉಪ್ಪು ಕಲಸಲು ಕೊಡಲಿಲ್ಲ. ಹೊಸ ಮಗ್ಗ ತಂದಾಗ ಮೊದಲ ಎಳೆಗೆ ಕೈ ಹಚ್ಚಲು ಮನೆಯ ಹೆಂಗಸರನ್ನೆಲ್ಲ ಕರೆದರು. ಚಿಗವ್ವ ತಾನಾಗಿ ಹಿಂದೆ ಸರಿದು ಚಹಾ ಮಾಡಲು ಹೋದಳು. ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ. ಒಂದೊಂದೇ ಕೆಲಸ ಅವಳ ಕೈಯಿಂದ ಸರಿದುಹೋಗುತ್ತಿತ್ತು, ಅಷ್ಟೇ. ಬಚ್ಚಲ ಹಿಂದಿನ ಚೆಂಡುಹೂ ಒಣಗಿದ ಮೇಲೆ ಅವಳು ಮತ್ತೆ ಬೀಜ ಹಾಕಲಿಲ್ಲ. ಅದರ ಮರುವರ್ಷ ಅವಳಿಗೆ ನಾಲ್ಕು ತಿಂಗಳಿಗೆ ಗರ್ಭ ನಿಲ್ಲದೆ ಹೋಯಿತು. ನೋಡಲು ಬಂದ ಜಮಖಂಡಿ ಅತ್ತೆ ಅಡುಗೆಮನೆಯಲ್ಲಿ ಅವ್ವನ ಹತ್ತಿರ, ‘ನಮ್ಮವ್ವ ಅವತ್ತ ಹೇಳಿದ್ಲಲ್ಲ, ಕೈಗುಣ ಇಲ್ಲಂತ’ ಅಂದದ್ದು ನನಗೆ ಕೇಳಿತು. ಗೋಡೆಯ ಆಚೆ ಮಲಗಿದ್ದ ಚಿಗವ್ವನಿಗೂ ಕೇಳಿರಬೇಕು. ನಾನು ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಅವಳ ಪಕ್ಕ ಇಟ್ಟು, ಮುಖ ನೋಡದೆ ಹೊರಗೆ ಬಂದೆ.

ಆಮೇಲೆ ಕಾಕಾ ಬೇರೆಯಾಗಿ ಮುಧೋಳಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟ. ಅಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ. ಆಯಿ ಮತ್ತೆ ಲೋಳೆಸರ ಹಚ್ಚಲಿಲ್ಲ, ಕಣ್ಣು ಬಂದರೂ ಗಿಡದ ಮೇಲಿನ ಮನಸ್ಸು ಹೋಯಿತು ಎನ್ನುತ್ತಿದ್ದಳು. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ತೀರಿಕೊಂಡಳು. ಅವಳನ್ನು ಮಣ್ಣು ಮಾಡುವ ಹೊತ್ತಿಗೆ ನಾನು ಊರು ಮುಟ್ಟಲಿಲ್ಲ. ಅಪ್ಪ ಮನೆ ಮಾರಿದ. ಕೊಂಡವರು ಅದನ್ನು ಕೆಡವಿ, ಈ ಬದಿಯಿಂದ ಆ ಬದಿಯವರೆಗೆ ಒಂದೇ ಶೆಡ್ಡು ಹಾಕಿ ಮಗ್ಗಗಳನ್ನು ಇಟ್ಟಿದ್ದಾರೆ. ಆ ಓಣಿಯಲ್ಲಿ ಹಾದುಹೋಗುವಾಗ, ನಡುಮನೆ ಇದ್ದದ್ದು ಎಲ್ಲಿ ಎಂದು ಅಂದಾಜು ಮಾಡಲೂ ಈಗ ಆಗುವುದಿಲ್ಲ.

ಮಗಳ ಕುಂಡದಲ್ಲಿ ಮರಿ ಒಡೆದಾಗ ಅದನ್ನು ಬಿಡಿಸಿ, ಎರಡು ದಿನ ಆರಲು ಬಿಟ್ಟು, ಕಾಗದದಲ್ಲಿ ಸುತ್ತಿಕೊಂಡು ನಾನು ಮುಧೋಳಕ್ಕೆ ಹೋದೆ. ಹೇಳಲೇಬೇಕೆಂದು ಹೋದೆನೋ, ಗಿಡ ಕೊಟ್ಟು ಸಮಾಧಾನ ಪಟ್ಟುಕೊಂಡು ಬರೋಣವೆಂದು ಹೋದೆನೋ, ನಿಜವಾಗಿ ನನಗೇ ಗೊತ್ತಿಲ್ಲ. ಚಿಗವ್ವನ ಕೂದಲು ನರೆತಿತ್ತು. ಮನೆ ಕನ್ನಡಿಯಂತೆ ಇತ್ತು, ಆದರೆ ಅಂಗಳದಲ್ಲಿ ಒಂದು ತುಳಸಿ ಕೂಡ ಇರಲಿಲ್ಲ. ನಾನು ಕಾಗದ ಬಿಚ್ಚಿ ಮರಿಯನ್ನು ಮುಂದೆ ಚಾಚಿದಾಗ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

‘ನನ್ನ ಕೈಯಾಗ ಕೊಡಬ್ಯಾಡ ಸವಿತಾ. ಬಾಳಂಗಿಲ್ಲ.’

ನಕ್ಕುಕೊಂಡೇ ಹೇಳಿದಳು, ಬಹಳ ಸಲ ಹೇಳಿ ರೂಢಿಯಾದವರಂತೆ. ಮಗನಿಗೆ ಮೊದಲ ಅನ್ನ ತಿನ್ನಿಸುವಾಗಲೂ ಪಕ್ಕದ ಮನೆಯ ಅಜ್ಜಿಯನ್ನು ಕರೆಸಿದ್ದಳಂತೆ. ತನ್ನ ಕೈಯಿಂದ ಬೇಡವೆಂದು ತಾನೇ ಅಂದಿದ್ದಳಂತೆ. ಇಷ್ಟು ವರ್ಷ ನಾನು ಅಂದುಕೊಂಡಿದ್ದು, ಅವಳಿಗೆ ನನ್ನ ಮೇಲೆ ಸಂಶಯ ಇದ್ದೇ ಇದೆ, ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಾಳೆ ಎಂದು. ಅವಳಿಗೆ ಯಾವ ಸಂಶಯವೂ ಇರಲಿಲ್ಲ. ಆಯಿಯ ಮಾತನ್ನು ಅವಳು ನಂಬಿದ್ದಳು. ಮೂವತ್ತು ವರ್ಷ ಆ ಕೈಗಳಿಂದಲೇ ರೊಟ್ಟಿ ಬಡಿದು, ಮಗನನ್ನು ಬೆಳೆಸಿ, ಅವನ್ನು ನಂಬದೆ ಬದುಕಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ, ತಂಬಿಗೆಯನ್ನೂ, ಕೊನೆಯ ಮೂರು ದಿನಗಳನ್ನೂ, ಎಣ್ಣೆ ಹಚ್ಚುವಾಗ ಆಯಿಗೆ ಹೇಳಿದ ಸುಳ್ಳನ್ನೂ. ಅವಳು ಸೆರಗಿನೊಳಗಿಂದ ಕೈಗಳನ್ನು ಹೊರಗೆ ತೆಗೆದು ನೋಡಿಕೊಂಡಳು.

‘ನಾ ಎರಡ ಸಲ ಹಾಕಿದ್ದೆ,’ ಅಂದಳು. ‘ಅದ ಜಾಸ್ತಿ ಆತು ಅಂತ ತಿಳಕೊಂಡಿದ್ದೆ.’

ಕ್ಷಮಿಸು ಎಂದು ನಾನು ಕೇಳಿದ್ದಕ್ಕೆ, ಆಯಿ ಇದ್ದಾಗ ಹೇಳಬೇಕಿತ್ತು ಅಂದಳು. ಆಮೇಲೆ, ಜಮಖಂಡಿ ಅಕ್ಕಾರ ಮುಂದೆಯಾದರೂ ಹೇಳುತ್ತೀಯಾ ಎಂದು ಕೇಳಿದಳು. ಹೇಳುತ್ತೇನೆ ಅಂದೆ. ಚಹಾ ಕೊಟ್ಟಳು, ಬಾಗಿಲವರೆಗೆ ಬಂದಳು. ಮರಿಯನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಚೀಲದಲ್ಲಿ ಇಟ್ಟುಕೊಂಡು ಬಂದೆ.

ಈ ಬೇಸಿಗೆಯಲ್ಲಿ ಜಮಖಂಡಿ ಅತ್ತೆಯ ಮೊಮ್ಮಗಳ ಮದುವೆ. ಎರಡು ದಿನ ಮೊದಲೇ ಹೋದ ನಾವೆಲ್ಲ ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದೆವು. ಅತ್ತೆ ಇದ್ದಳು, ಅವ್ವ ಇದ್ದಳು, ಚಿಗವ್ವ ಕಂಬದ ಹತ್ತಿರ ಇದ್ದಳು. ನಾನು ಧೈರ್ಯ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಿದೆ. ಆಯಿಯ ಗಿಡ ಕೊಳೆಸಿದವಳು ನಾನು, ಚಿಗವ್ವನದು ಏನೂ ತಪ್ಪಿರಲಿಲ್ಲ, ಅವಳ ಕೈಗುಣದ ಮಾತು ಸುಳ್ಳು ಅಂದೆ. ಅತ್ತೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ‘ಯಾವ ಗಿಡ? ಯಾವಾಗಿಂದ ಅದು?’ ಅಂದಳು. ಅವ್ವನಿಗೂ ನೆನಪಾಗಲಿಲ್ಲ, ಆಯಿ ಕಿಟಕಿಯಲ್ಲಿ ಏನೋ ಇಡುತ್ತಿದ್ದುದು ಹೌದು ಅಂದಳು. ಹುಡುಗಿಯರು ನಕ್ಕರು. ಇದನ್ನೆಲ್ಲ ಯಾರು ನೆನಪಿಡುತ್ತಾರೆ, ಇವಳು ಸಣ್ಣವಳಿದ್ದಾಗಿನಿಂದಲೂ ಹೀಗೇ, ಇಲ್ಲದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಅತ್ತೆ ಮೊರವನ್ನು ಹತ್ತಿರ ಎಳೆದುಕೊಂಡಳು.

‘ನನಗ ನೆನಪೈತ್ರಿ ಅಕ್ಕಾರ,’ ಅಂದಳು ಚಿಗವ್ವ, ತಲೆ ಎತ್ತದೆ.

ನಗು ನಿಂತಿತು. ಆ ಮಾತನ್ನು ಮೊದಲು ಆಡಿದವಳು ಮಣ್ಣಾಗಿದ್ದಳು, ಅದನ್ನು ಹೊತ್ತು ತಿರುಗಿಸಿದವರು ಮರೆತಿದ್ದರು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರೂ ಉಳಿದಿರಲಿಲ್ಲ. ನಾನು ಎದ್ದು ಹೋಗಿ ಕಂಬದ ಹತ್ತಿರ ಚಿಗವ್ವನ ಪಕ್ಕ ಕೂತೆ. ಅವಳು ಸರಿದು ಜಾಗ ಮಾಡಲಿಲ್ಲ, ದೂರವೂ ಹೋಗಲಿಲ್ಲ. ಅಕ್ಕಿ ಮುಗಿಯುವವರೆಗೆ ನಾವಿಬ್ಬರೂ ಕಲ್ಲು ಆರಿಸಿದೆವು.