ರುಚಿ ನೋಡದ ವಿಮಲಾ ಆಂಟಿ

ನಮ್ಮ ಮನೆಯಲ್ಲಿ ಅನಾನಸ್ ಹೆಚ್ಚಿದರೆ ಸಿಪ್ಪೆಯನ್ನು ಈಗ ಬಿಸಾಡುವುದಿಲ್ಲ. ಬೆಲ್ಲದ ನೀರಿನಲ್ಲಿ ಹಾಕಿ, ಬಟ್ಟೆ ಕಟ್ಟಿ ಮೂಲೆಗಿಡುತ್ತೇನೆ. ಒಂದೆರಡು ದಿನಕ್ಕೆ ಹುಳಿ ಬಂದು ಅಡುಗೆಮನೆಯೆಲ್ಲ ಘಮ್ಮೆನ್ನುತ್ತದೆ. ನನ್ನ ಗಂಡ ಅದಕ್ಕೆ ಬೇರೆಯೇ ಶಬ್ದ ಬಳಸುತ್ತಾರೆ, ಅದು ಬೇಡ ಬಿಡಿ. ನನಗೋ ಆ ವಾಸನೆ ಬಂದರೆ ವಿಮಲಾ ಆಂಟಿಯ ನೆನಪು. ತಮಾಷೆಯೆಂದರೆ, ಅದನ್ನು ನಾವು ಮೊದಲು ಒಟ್ಟಿಗೆ ಕುಡಿದ ದಿನ ಆ ವಾಸನೆ ಅವರ ಮೂಗಿಗೆ ತಟ್ಟಿರಲೇ ಇಲ್ಲ.

ಆಂಟಿ ಡರ್ಹಮ್‌ನಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾದವರು. ನಾವು ಅಲ್ಲಿದ್ದಾಗ ಪಕ್ಕದ ಮನೆ. ಅಲ್ಲಿನ ಕನ್ನಡಿಗರಿಗೆ ಅವರ ಔಷಧಿಗಿಂತ ಪುಳಿಯೋಗರೆಯ ಮೇಲೆ ನಂಬಿಕೆ ಜಾಸ್ತಿ. ಹಬ್ಬ ಬಂತೆಂದರೆ ಎಲ್ಲರ ಊಟ ಅವರದೇ. ಅವರದ್ದೊಂದು ನೇಮವಿತ್ತು. ದೇವರಿಗಿಡುವ ಮೊದಲು ಯಾವುದರ ರುಚಿಯನ್ನೂ ನೋಡಬಾರದು. ಉಪ್ಪಿನ ಹದವನ್ನು ಮೂಗೇ ಹೇಳಬೇಕು. ಮುಚ್ಚಳ ತೆಗೆದು, ಬಗ್ಗಿ, ಒಂದು ಉಸಿರೆಳೆದು, "ಒಂದ್ ಚೂರು ಉಪ್ಪು ಬೇಕು" ಅಂದರೆ ಬೇಕೇ ಬೇಕು. ಅದನ್ನು ಕಲಿಯಲು ಹೋಗಿ ನಾನು ಮೂಗಿಗೆ ಆವಿ ಹೊಡೆಸಿಕೊಂಡು ಸೀನಿದ್ದಷ್ಟೇ ಬಂತು.

ಕೊರೊನಾ ಬಂದಾಗ ಆಂಟಿಗೂ ಜ್ವರ ಬಂತು. ಜ್ವರ ಬಿಟ್ಟಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ಜನ ಮತ್ತೆ ಒಂದೆಡೆ ಸೇರುವಂತಾದ ಮೊದಲ ಹಬ್ಬಕ್ಕೆ ಆಂಟಿ ಹಠ ಹಿಡಿದು ಅಡುಗೆ ಮಾಡಿದರು. ಪುಳಿಯೋಗರೆಗೆ ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ಸುಮ್ಮನೆ ಮೊಸರು ಹಾಕಿಸಿಕೊಂಡರು. ಮೊಸರಿನ ಪಾತ್ರೆ ಅಷ್ಟು ಬೇಗ ಬರಿದಾದದ್ದನ್ನು ನೋಡಿ ಆಂಟಿಗೆ ಅರ್ಥವಾಯಿತು. ಅಂದಿನಿಂದ ಒಲೆ ಹಚ್ಚುವುದನ್ನೇ ಬಿಟ್ಟರು. ಅಂಕಲ್ ತೀರಿಕೊಂಡು ಒಂಟಿಯಾಗಿದ್ದವರು, ಬ್ರೆಡ್ಡು ಬಾಳೆಹಣ್ಣು ತಿಂದುಕೊಂಡು ಸೊರಗಿದರು. ಆ ಹೊತ್ತಿಗೆ ನಾವು ಡರ್ಹಮ್ ಬಿಟ್ಟು, ಕಾರಿನಲ್ಲಿ ಎರಡು ಮೂರು ಗಂಟೆ ದೂರದ ಬ್ಯಾಲಂಟೈನ್‌ಗೆ ಬಂದಿದ್ದೆವು. ಹೀಗೇ ಬಿಟ್ಟರೆ ಇವರು ಉಳಿಯುವುದಿಲ್ಲವೆಂದು ನನಗೆ ನಿಜಕ್ಕೂ ಭಯವಾಗಿ, ಹೋಗಿ ಕರೆತಂದೆ.

ಆ ಶನಿವಾರ ನನ್ನ ಗಂಡನ ಆಫೀಸಿನವರು ಒಂದು ಟೂರ್ ಗೊತ್ತುಮಾಡಿದ್ದರು. ಊರಿನ ಪೂರ್ವದ ಕಡೆಯ ಮೆಕ್ಸಿಕನ್ ಅಂಗಡಿ, ಗಾಡಿಗಳನ್ನು ಸುತ್ತುತ್ತಾ ಅಲ್ಲಿನ ಹಳೆಯ ಪಾನೀಯಗಳನ್ನು ಕುಡಿಯುವುದು, ತಿಂಡಿ ತಿನ್ನುವುದು. ಆಂಟಿಯನ್ನೂ ಎಳೆದುಕೊಂಡು ಹೋದೆ.

"ಕಣ್ಣಿಲ್ದೋರನ್ನ ಸಿನಿಮಾಕ್ಕೆ ಕರ್ಕೊಂಡ್ ಹೋದಂಗಾಯ್ತು ನಿಂದು," ಎಂದರು ಕಾರಿನಲ್ಲಿ.

ದಾರಿ ತೋರಿಸುವವಳು ಲೂಪೆ ಎಂಬ ಗಟ್ಟಿ ದನಿಯ ಹೆಂಗಸು. ಮೊದಲು ಕೆಂಡದ ಮೇಲೆ ಸುಟ್ಟ ಜೋಳ, ಅದಕ್ಕೆ ನಿಂಬೆಹಣ್ಣು, ಖಾರದಪುಡಿ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ, ಕಬ್ಬನ್ ಪಾರ್ಕ್ ಗೇಟಿನಲ್ಲೇ ಸಿಗುತ್ತಿತ್ತಲ್ಲ ಎಂದು ನಾನು ಗೊಣಗಿದೆ. ಗೊಣಗುತ್ತಲೇ ಎರಡು ತಿಂದೆ. ಆಮೇಲೆ ಮಣ್ಣಿನ ಲೋಟಗಳಲ್ಲಿ ಅನಾನಸ್ ಸಿಪ್ಪೆಯನ್ನು ಹುಳಿ ಬರಿಸಿದ ತೆಪಾಚೆ ಬಂತು. ಮೊದಲು ಚೆನ್ನಾಗಿ ಮೂಸಿ ನೋಡಿ, ಎಂದಳು ಲೂಪೆ. ಎಲ್ಲರ ಮೂಗೂ ಲೋಟಕ್ಕಿಳಿಯಿತು. ಆಂಟಿ ಮುಖ ತಿರುಗಿಸಿ, "ಹೆಂಡ ಅಲ್ಲ ತಾನೆ?" ಎಂದು ಪಿಸುಗುಟ್ಟಿದರು.

"ಸ್ವಲ್ಪ ಹುಳಿ ಬಂದಿದೆ ಅಷ್ಟೇ, ಕುಡೀರಿ ಆಂಟಿ."

ಕಂಡವರ ಲೋಟಕ್ಕೆ ಆಂಟಿ ತುಟಿ ತಾಗಿಸುವವರಲ್ಲ. ತಲೆ ಹಿಂದಕ್ಕೆ ಬಾಗಿಸಿ, ಲೋಟ ಎತ್ತಿ ಬಾಯಿಗೆ ಸುರಿದುಕೊಂಡರು. ಪಕ್ಕದಲ್ಲಿದ್ದ ಬಿಳಿಯ ದಂಪತಿ ಇವರನ್ನು ಮೆಕ್ಸಿಕೋದ ಅಜ್ಜಿ ಎಂದುಕೊಂಡಿರಬೇಕು. ಅಲ್ಲಿಯ ಪದ್ಧತಿಯೇ ಇದೆಂದು ತಾವೂ ಲೋಟ ಎತ್ತಿದರು. ಇಬ್ಬರ ಅಂಗಿಯೂ ತೊಯ್ದು ತೊಪ್ಪೆ. ಲೂಪೆ ಗೋಡೆ ಹಿಡಿದುಕೊಂಡು ನಕ್ಕಳು. ಆಂಟಿಯೂ ನಕ್ಕರು, ಎಷ್ಟೋ ದಿನದ ಮೇಲೆ.

ಮುಂದಿನ ಅಂಗಡಿಯದು ತೆಹ್ವೀನೊ. ಮೆಕ್ಕೆಜೋಳದ ಹಿಟ್ಟು, ಬೆಲ್ಲ ಕಾಯಿಸಿ ಹುಳಿ ಬರಿಸಿ, ಕೊಡುವಾಗ ನಿಂಬೆರಸ, ಉಪ್ಪು ಬೆರೆಸುತ್ತಾರೆ. ಒಂಥರಾ ನಮ್ಮ ಅಂಬಲಿಯ ನೆಂಟ. ಆಂಟಿ ಒಂದು ಗುಟುಕು ಸುರಿದುಕೊಂಡು ಮುಖ ಕಿವುಚಿದರು. "ಟೂ ಮಚ್ ಸಾಲ್ಟ್!" ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು. ಲೂಪೆ ತನ್ನ ಲೋಟದಿಂದ ಕುಡಿದು ನೋಡಿ, ಹೌದೆಂದು ತಲೆಯಾಡಿಸಿದಳು.

ನಾನು ಆಂಟಿಯ ಕೈ ಹಿಡಿದುಕೊಂಡೆ. "ನಿಮಗೆ ಉಪ್ಪು ಗೊತ್ತಾಯ್ತು!"

"ಗೊತ್ತಾಗ್ದೆ ಏನು? ಹೋಗಿರೋದು ಮೂಗು, ನಾಲಿಗೆ ಅಲ್ಲ," ಎಂದರು, ಡಾಕ್ಟರ ದನಿಯಲ್ಲಿ. ಎಂದವರು ಇನ್ನೊಂದು ಗುಟುಕು ಸುರಿದುಕೊಂಡರು. ತಮ್ಮೊಳಗಿನ ಆ ಡಾಕ್ಟರನ್ನು ಅವರು ಅಷ್ಟು ವರ್ಷ ಅಡುಗೆಮನೆಯ ಹೊಸಿಲು ದಾಟಲು ಬಿಟ್ಟಿರಲಿಲ್ಲ.

ವಾಪಸ್ ಬರುವಾಗ ಮೆಲ್ಲಗೆ ಕೇಳಿದರು. "ದೇವರಿಗಿಂತ ಮುಂಚೆ ನಾನ್ ತಿಂದ್ರೆ ಅದು ಎಂಜಲಲ್ವೇನೇ?"

ನನಗೆ ಶಾಸ್ತ್ರ ಗೊತ್ತಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಅವತ್ತಿನ ಪುಳಿಯೋಗರೆ ದೇವರೂ ತಿಂದಿದಾನೆ ಆಂಟಿ. ಪಾಪ, ಅವನಿಗೆ ಯಾರೂ ಮೊಸರು ಹಾಕ್ಲಿಲ್ಲ."

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ನನ್ನ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಆಂಟಿ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ದೇವರ ಪಟದತ್ತ ನೋಡುತ್ತಾ ನಿಂತಿದ್ದರು. ಕಡೆಗೆ ಕಣ್ಣು ಮುಚ್ಚಿ ನೆಕ್ಕಿದರು. "ಹುಳಿ ಮುಂದಾಗಿದೆ," ಎಂದರು. ಅಷ್ಟು ಹುಳಿ ಸಾರನ್ನು ಅಷ್ಟು ಸಂತೋಷದಿಂದ ನಾನು ಯಾವತ್ತೂ ಉಂಡಿಲ್ಲ.

ಈಗ ಅವರು ವಾಷಿಂಗ್ಟನ್ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಇವತ್ತು ಮಧ್ಯಾಹ್ನ ಫೋನ್ ಬಂತು.

"ಹಾಲು ಉಕ್ಕಿ ಸ್ಟೌ ಮೇಲೆಲ್ಲ ಚೆಲ್ಲೋಯ್ತು ಕಣೇ. ಸೀದ ವಾಸನೆ ಬಂತು. ನಂಗೆ ಬಂತು! ಆಫ್ ಮಾಡೋದ್ ಬಿಟ್ಟು ಮೂಸ್ತಾ ನಿಂತಿದ್ದೆ, ಮಗಳು ಓಡಿ ಬಂದು ಬೈದ್ಲು."

ನಾನು ಕೀಟಲೆ ಮಾಡಿದೆ. "ಹಾಗಾದ್ರೆ ಇನ್ನು ರುಚಿ ನೋಡೋ ಹಾಗಿಲ್ಲ ಬಿಡಿ."

"ಇಲ್ಲ ಕಣೇ, ನೋಡ್ತೀನಿ. ಇಷ್ಟ್ ವರ್ಷ ಮೊದ್ಲು ದೇವರಿಗೆ, ಆಮೇಲೆ ಬಂದೋರಿಗೆ, ಕೊನೆಗೆ ತಣ್ಣಗಾಗಿದ್ದೇ ನಂಗೆ. ನಾನ್ ಮಾಡಿದ್ದು ಬಿಸಿಯಾಗಿದ್ದಾಗ ಹೇಗಿರತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಫೋನಿಟ್ಟೆ. ಅನ್ನ ಆಗಷ್ಟೇ ಆಗಿತ್ತು. ದಿನವೂ ಗಂಡನ ಮೀಟಿಂಗ್ ಮುಗಿಯಲೆಂದು ಕಾಯುತ್ತಿದ್ದವಳು ಇವತ್ತು ಕಾಯದೆ, ಹಬೆಯಾಡುತ್ತಿದ್ದ ಅನ್ನವನ್ನು ತಟ್ಟೆಗೆ ಬಡಿಸಿಕೊಂಡು ಊಟಕ್ಕೆ ಕೂತೆ.