ಕಲ್ಲು ಬಿಟ್ಟು ಮನಸ್ಸು ಹಿಡಿದವನು

ದುರ್ಗದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಪಂಚಾಕ್ಷರಪ್ಪ ಕಲ್ಲು ಮಣ್ಣಿನ ಶಾಸ್ತ್ರ ಓದಿ ಪಾಸಾದವನು; ಈಗ ಮನಶ್ಶಾಸ್ತ್ರದಲ್ಲಿ ಡಾಕ್ಟರ್ ಪದವಿ ಮಾಡುತ್ತೇನೆಂದು ಕಲ್ಕತ್ತೆಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾನೆ, ಸೋಮವಾರ ಸಂದರ್ಶನಕ್ಕೆ ಚಿಕ್ಕಜಾಜೂರಿನಲ್ಲಿ ರೈಲು ಹತ್ತಬೇಕು. ಇಂಥವರನ್ನು ಮನೆಗೆ ಸೇರಿಸಿಕೊಳ್ಳಲೇಬಾರದು ಸ್ವಾಮಿ! ಹಾಲು ಹಾಕಲು ಬಂದ ತಿಪ್ಪಕ್ಕನ ಮುಂದೆ ಗಡಿಯಾರ ಹಿಡಿದು, “ಬೆಲ್ಲ ಅಂದ್ರೆ ಥಟ್ಟನೆ ಏನ್ ನೆನಪಾಗ್ತೈತೆ, ಹೇಳ್ರಿ” ಎನ್ನುತ್ತಾನೆ. “ಇರುವೆ ಕಣಪ್ಪ, ದಾರಿ ಬಿಡು” ಎಂದು ಅವಳು ರೇಗಿದರೆ ಅದನ್ನೂ ಬರೆದುಕೊಳ್ಳುತ್ತಾನೆ. “ಲೇ, ಆ ಗಡಿಯಾರ ಬಾವಿಗೆ ಎಸೀತೀನಿ ನೋಡು” ಎಂದು ನಾನು ಕೂಗಿದರೆ, ನನ್ನ ಸಿಟ್ಟು ಎಷ್ಟು ನಿಮಿಷಕ್ಕೆ ಇಳಿಯಿತೆಂದು ಲೆಕ್ಕ ಹಾಕುತ್ತಾನೆ. ಊಟಕ್ಕೆ ಕೂತರೆ ತಟ್ಟೆ ಪಕ್ಕಕ್ಕೆ ಸರಿಸಿ ನನ್ನನ್ನೇ ಕೇಳುತ್ತಾನೆ: “ಯಜಮಾನ್ರೆ, ಕಲ್ಲು ಓದಿದೋನಿಗೆ ಮನಸ್ಸಿನ ಗೊಡವೆ ಯಾಕೆ ಅಂತ ಸಂದರ್ಶನದಾಗೆ ಅವ್ರು ಕೇಳಿದ್ರೆ ಏನ್ ಹೇಳ್ಲಿ?” ದಿನಕ್ಕೊಂದು ಉತ್ತರ ಬರೆದು ಬಾಯಿಪಾಠ ಮಾಡುತ್ತಾನೆ, ಸಂಜೆಯೊಳಗೆ ಹರಿದು ಹಾಕುತ್ತಾನೆ. ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ಅನ್ನಪೂರ್ಣಮ್ಮ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಪೂಜೆಗೆ ಕೂತಿದ್ದಳು. ಅವಳ ಏಕಾಗ್ರತೆ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆಯಲು ಇವನು ಬಾಗಿಲಲ್ಲಿ ನಿಂತ. ಕತ್ತು ಹಿಡಿದು ಆಚೆ ನೂಕಲು ನಾನು ಇವನ ಬೆನ್ನಿಗೆ ನಿಂತೆ. ಅವಳು ರೆಪ್ಪೆ ಅಲುಗಿಸಲಿಲ್ಲ. ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ತಿರುಗಿಯೂ ನೋಡದೆ ಹೇಳಿದಳು: “ನಿನ್ನ ಎದೆ ಡವಡವ ಅನ್ನೋದು ಇಲ್ಲಿಗೆ ಕೇಳ್ತೈತಲ್ಲ ಮಗ. ಯಾಕೆ ಬಂದೆ ಅಂತ ಕಲ್ಕತ್ತೆಯೋರು ಕೇಳಿದ್ರೆ, ಇದು ಯಾಕೆ ಹಿಂಗೆ ಹೊಡ್ಕೊತೈತೆ ಅಂತ ತಿಳ್ಕೊಳ್ಳಾಕೆ ಬಂದೆ ಅನ್ನು.”